ಮದ್ದೂರಿನ ಹಳದಿ ಕಪ್ಪೆ

ಚಾಮರಾಜನಗರ
22 ಮೇ 1955

ಬಷೀರ್,

ನೀನು ಕೊಟ್ಟು ಕಳುಹಿಸಿದ ಎರಡೂ ಬಾಟಲಿಗಳು ತಲುಪಿದವು. ಒಂದರ ಬಿರಡೆ ಸಡಿಲವಾಗಿ, ತೆರಕಣಾಂಬಿ ದಾಟುವಷ್ಟರಲ್ಲಿ ಬಸ್ಸಿನ ತುಂಬ ಸ್ಪಿರಿಟ್ಟಿನ ವಾಸನೆ ಎದ್ದಿತಂತೆ. ಕಂಡಕ್ಟರು ನನ್ನನ್ನು ಕಂಡವನೇ, "ಮೇಷ್ಟ್ರೇ, ಸಾಬ್ರು ಔಷ್ದಿ ಅಂತ ಕೊಟ್ರು. ನೋಡುದ್ರೆ ಒಳಗೆ ಕಪ್ಪೆ ಮಲ್ಗವೆ! ಇನ್ನೊಂದ್ಸಲ ತಂದ್ಕೊಟ್ರೆ ನಾ ಮುಟ್ಟಕಿಲ್ಲ" ಎಂದು ಜಗಳಕ್ಕೇ ಬಂದ. ಕಾಫಿ ಕುಡಿಸಿ ಕಳುಹಿಸಿದೆ. ಮುಂದಿನ ಸಲ ಬಿರಡೆಗೆ ಮೇಣ ಹಾಕು.

ಹಿಂದೆ ಬರೆದದ್ದನ್ನೇ ಇನ್ನೊಮ್ಮೆ ಬರೆಯುತ್ತಿದ್ದೇನೆ. ಮರದ ದಿಮ್ಮಿಗಳ ನಡುವೆ ನೀನು ಅರ್ಧ ಮರೆತಿರುತ್ತೀಯ. ಮ್ಯೂಸಿಯಮ್ಮಿನಲ್ಲಿ ಸಹಾಯಕನ ಹುದ್ದೆ ಒಂದು ಖಾಲಿ ಇದೆ. ಮೂವತ್ತೈದು ದಾಟಿದವರು ಅರ್ಜಿ ಹಾಕುವಂತಿಲ್ಲ. ನನಗೆ ಈ ಡಿಸೆಂಬರಿಗೆ ದಾಟುತ್ತದೆ. ಅಚ್ಚಾದ ಲೇಖನ ಒಂದಾದರೂ ಇರಬೇಕು. ನನ್ನದು ಒಂದೂ ಇಲ್ಲ. ನಿಮ್ಮ ಗುಂಡ್ಲುಪೇಟೆ ಕಡೆಯ ಮದ್ದೂರು ಕಾಡಿನ ಹಳದಿ ಕಪ್ಪೆ ಹೊಸ ಜಾತಿಯೆಂದು ತೋರಿಸಿಕೊಟ್ಟರೆ ಲೇಖನವನ್ನು ತಾವೇ ಅಚ್ಚು ಹಾಕಿಸುತ್ತೇವೆ, ಅರ್ಜಿಯನ್ನೂ ಮುಂದಿಡುತ್ತೇವೆ ಎಂದು ಅಲ್ಲಿನ ಹಿರಿಯರೊಬ್ಬರು ಬರೆದಿದ್ದಾರೆ. ಹೈಸ್ಕೂಲು ಹುಡುಗರಿಗೆ ಆಮ್ಲಜನಕ ತಯಾರಿಸಿ ತೋರಿಸಿ ತೋರಿಸಿ ನನಗೆ ಸಾಕಾಗಿದೆ. ಈ ಮಳೆಗಾಲ ಬಿಟ್ಟರೆ ನನಗೆ ಬೇರೆ ಅವಕಾಶವಿಲ್ಲ.

ಅಲ್ಲಿನ ಬೂದು ಬಣ್ಣದ ಕಪ್ಪೆ ಪುಸ್ತಕದಲ್ಲಿದೆ. ಹಳದಿ ಎಲ್ಲೂ ಇಲ್ಲ. ಎರಡೂ ಹೆಬ್ಬೆರಳ ಉಗುರಿನಷ್ಟೇ ಇವೆ. ಸ್ಪಿರಿಟ್ಟಿಗೆ ಬಿದ್ದ ಮೇಲೆ ಎರಡೂ ಅನ್ನದ ಅಗುಳಿನ ಬಣ್ಣಕ್ಕೆ ತಿರುಗುತ್ತವೆ. ಆದ್ದರಿಂದ ಹಿಡಿದ ಕೂಡಲೇ, ಜೀವ ಇರುವಾಗಲೇ, ಹಳದಿಯನ್ನು ಒಂದು ಬಾಟಲಿಗೆ, ಬೂದನ್ನು ಇನ್ನೊಂದಕ್ಕೆ ಹಾಕು. ಬೆರೆಸಿದೆಯೋ, ನಾನು ಕೆಟ್ಟೆ.

ಗುರುಮಲ್ಲಯ್ಯ


ಗುಂಡ್ಲುಪೇಟೆ
5 ಜೂನ್ 1955

ಗುರುವೇ, ಸಲಾಂ.

ಮೇಣ ಹಾಕಿದ್ದೇನೆ. ಕಂಡಕ್ಟರಿಗೆ ನಾನೂ ಕಾಫಿ ಕುಡಿಸಿದ್ದೇನೆ. ಆ ಮಹಾರಾಯ ಎರಡೂ ಕಡೆ ಕುಡಿಯುತ್ತಾನೆ.

ಮದ್ದೂರಿನಲ್ಲಿ ಮಳೆ ಹಿಡಿದಿದೆ. ನಮ್ಮ ಸಾಹುಕಾರರು ಈ ವರ್ಷ ಮರ ಕಡಿಯಲು ಹಿಡಿದ ಕೂಪು ಹಳ್ಳದ ಪಕ್ಕದಲ್ಲೇ ಇದೆ. ದಿಮ್ಮಿ ಅಳೆದು ನಂಬರು ಹೊಡೆಸುವುದು ನನ್ನ ಕೆಲಸ, ಅದು ಮುಗಿದ ಮೇಲೆ ನಿನ್ನ ಕೆಲಸ. ಡ್ರೈವರ್ ಮಾದಣ್ಣ ಮೊದಲ ದಿನ ಲಾರಿಯಲ್ಲಿ ಕೂತೇ ನೋಡುತ್ತಿದ್ದ. "ಅದ್ಯಾತಕ್ಕೆ ಸಾಬ್ರೆ, ತಿನ್ನಕ್ಕಾ?" ಎಂದ. ಅಲ್ಲಪ್ಪಾ, ನಗರದ ಮೇಷ್ಟ್ರಿಗೆ ಎಂದೆ. "ಲಿಂಗಾಯ್ತರು ಕಪ್ಪೆ ತಿಂದಾರಾ? ಕಾಲ ಕೆಟ್ಟೋಯ್ತು ಬುಡಿ" ಎಂದು ಬೀಡಿ ಹಚ್ಚಿದ. ನಿನ್ನ ಮಾನ ಇಷ್ಟರಮಟ್ಟಿಗೆ ಕಾಪಾಡಿದ್ದೇನೆ.

ಒಂದು ಮಾತು. ಸಂಜೆ ನಮಾಜು ಮುಗಿಸಿ ಶೆಡ್ಡಿನ ಹೊರಗೆ ನಿಂತರೆ ಹಳ್ಳದ ಪೊದೆಯೆಲ್ಲ ಕೂಗುತ್ತಿರುತ್ತದೆ. ಇಷ್ಟುದ್ದದ ಪ್ರಾಣಿಗೆ ಅಷ್ಟು ಚೂಪು ದನಿ! ಕೂಗನ್ನೂ ನೀನು ಲೇಖನದಲ್ಲಿ ಬರೆಯಬೇಡವೇ? ಹೋದ ವರ್ಷ ನೀನೇ ಬಂದಾಗ ಇದೇ ಜಾಗದಲ್ಲಿ ನಿಂತು ಕೇಳಿ ತಲೆದೂಗಿದ್ದೆಯಲ್ಲ. ಬೇಕಾದರೆ ಕೇಳಿಸಿದ ಹಾಗೆ ಬರೆದು ಕಳುಹಿಸುತ್ತೇನೆ.

ನಮ್ಮ ಮನೆಯವಳು, ಕುಲ್ಸುಂ ಬಿ, ನಿನ್ನ ಮೇಲೆ ಸಿಟ್ಟಾಗಿದ್ದಾಳೆ. ಒಂದು ಹಳದಿ ಕಪ್ಪೆಯನ್ನು ಸಾಯಿಸದೆ ಮನೆಗೆ ತಂದು, ಹಾಲು ಮಾಂಸ ಇಡುವ ಜಾಲರಿ ಬೀರುವಿನಲ್ಲಿ ಒದ್ದೆ ಬಟ್ಟೆ ಹಾಸಿ ಬಿಟ್ಟಿದ್ದೇನೆ. "ನಿಮ್ಮ ದೋಸ್ತಿಗೆ ಮನೆಯಿಲ್ಲವೇ, ಬೀರುವಿಲ್ಲವೇ?" ಎನ್ನುತ್ತಾಳೆ. ಬಣ್ಣ ಎಷ್ಟು ಚೆನ್ನಾಗಿದೆ ಮಾರಾಯ, ಬಾಟಲಿಗೆ ಹಾಕಲು ಮನಸ್ಸು ಬರಲಿಲ್ಲ.

ಬಷೀರ್


ಚಾಮರಾಜನಗರ
14 ಜೂನ್ 1955

ಬಷೀರ್,

ಬಾಟಲಿಗಳು ಬಂದವು, ಸೋರಿಲ್ಲ. ಸಂತೋಷ.

ಕೂಗಿನ ಸುದ್ದಿ ಬಿಡು. ಕೂಗು ಬಾಟಲಿಯಲ್ಲಿ ಉಳಿಯುವುದಿಲ್ಲ. ಮ್ಯೂಸಿಯಮ್ಮಿನವರು ಅಳತೆ ಕೇಳುತ್ತಾರೆ, ಟಿಕ್ ಟಿಕ್ ಎಂದು ಬರೆದರೆ ನಗುತ್ತಾರೆ. ಮೂತಿಯಿಂದ ಗುದದವರೆಗಿನ ಉದ್ದ, ಕಣ್ಣಿನ ಅಗಲ, ಬೆರಳ ತುದಿಯ ಅಂಟುಬಿಲ್ಲೆ, ಇಷ್ಟೇ ನಮಗೆ ಬೇಕಾದದ್ದು. ಹಳದಿ ಬಾಟಲಿಯವು ಸ್ವಲ್ಪ ಸಣ್ಣವೆಂದು ಕಾಣುತ್ತದೆ. ಎಲ್ಲವೂ ಅಲ್ಲ, ಆದರೆ ಹೆಚ್ಚಿನವು. ಇನ್ನಷ್ಟು ಹಳದಿ ಬೇಕು.

ಬರವಣಿಗೆ ಅರ್ಧ ಮುಗಿದಿದೆ. ಹೆಸರಿಗೆ ಮದ್ದೂರನ್ನೇ ಲ್ಯಾಟಿನ್ನಿಗೆ ತಿರುಗಿಸಿ ಇಡುವುದೆಂದು ಯೋಚಿಸಿದ್ದೇನೆ. ಜೀವಂತ ಇಟ್ಟುಕೊಂಡು ಕಾಲ ಕಳೆಯಬೇಡ, ಬೀರುವನ್ನು ತಂಗಿ ಕುಲ್ಸುಂ ಬಿಗೆ ಬಿಟ್ಟುಕೊಡು.

ಗುರುಮಲ್ಲಯ್ಯ


ಗುಂಡ್ಲುಪೇಟೆ
9 ಜುಲೈ 1955

ಗುರು,

ನಿನ್ನ ಕಾಗದಕ್ಕೂ, ಆಮೇಲೆ ಅವಸರಿಸಿ ಬರೆದ ಇನ್ನೊಂದಕ್ಕೂ ಸೇರಿಸಿ ಒಂದೇ ಉತ್ತರ. ಲಾರಿಯ ಆಕ್ಸಲ್ ಮುರಿದು ಕೂಪಿನಲ್ಲೇ ನಿಂತಿತ್ತು. ಸಾಹುಕಾರರ ಬೈಗುಳ ಬೇರೆ. ಹಳದಿ ಸಿಗಲಿಲ್ಲ.

ನೀನು ಇಷ್ಟು ಅವಸರ ಮಾಡಬೇಡ. ಲೇಖನ ಕಳುಹಿಸುವ ಮುಂಚೆ ಇನ್ನೊಂದು ತಿಂಗಳು ಕಾದರೆ ಏನು ಗಂಟು ಹೋಗುತ್ತದೆ? ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ಅತ್ತಿಗೆ ಶಿವಮ್ಮನವರನ್ನು ಕೇಳಿದೆನೆಂದು ಹೇಳು.

ಬಷೀರ್


ಚಾಮರಾಜನಗರ
18 ಜುಲೈ 1955
(ಕಾರ್ಡು)

ಬಷೀರ್, ನಿನ್ನ ಕಾಗದ ಓದಿ ನನಗೆ ಅರ್ಥವಾಯಿತು. ನಾಲ್ಕು ಸಾಲು ಬರೆದು ಕೈ ತೊಳೆದುಕೊಳ್ಳುವವನಲ್ಲ ನೀನು. ಮಳೆಯಲ್ಲಿ ನೆನೆದು, ಜಿಗಣೆ ಕಚ್ಚಿಸಿಕೊಂಡು ಹಿಡಿದವನು ನೀನು. ಕಪ್ಪೆಗೆ ಊರಿನ ಹೆಸರು ಇಡುತ್ತೇನೆಂದರೆ ಯಾರಿಗಾದರೂ ಬೇಸರವಾಗುವುದೇ. ನನಗೆ ಅದು ಹೊಳೆಯಲಿಲ್ಲ, ನನ್ನ ತಪ್ಪು. ತಿದ್ದಿದ್ದೇನೆ. ಈ ಹೊಸ ಕಪ್ಪೆಗೆ ನಿನ್ನ ಹೆಸರೇ ಇರುತ್ತದೆ. ಇನ್ನು ಮುಂದೆ ಪ್ರಪಂಚದಲ್ಲಿ ಯಾರೇ ಅದರ ಮಾತು ಎತ್ತಿದರೂ ಬಷೀರನ ಕಪ್ಪೆ ಎಂದೇ ಎತ್ತಬೇಕು. ಈಗಲಾದರೂ ಮುಖ ಸಡಿಲಿಸು. ಗು.


ಗುಂಡ್ಲುಪೇಟೆ
26 ಜುಲೈ 1955

ಲೋ ಗುರು,

ಇಂಥದ್ದನ್ನು ಯಾರಾದರೂ ಕಾರ್ಡಿನಲ್ಲಿ ಬರೆಯುತ್ತಾರೇನೋ? ಒಂದು ಲಕೋಟೆಗೂ ಗತಿಯಿಲ್ಲವೇ ನಿನಗೆ?

ಪೋಸ್ಟ್‌ಮ್ಯಾನ್ ಲಿಂಗಯ್ಯ ಓದಿಕೊಂಡೇ ಬಂದಿದ್ದಾನೆ. ಸಂತೆ ಬೀದಿಯಿಂದ ಮಸೀದಿಯವರೆಗೆ ನನಗಿಂತ ಮುಂಚೆ ಎಲ್ಲರಿಗೂ ಗೊತ್ತು. ಮನೆಬಾಗಿಲಲ್ಲಿ ನಿಂತು, "ಏನ್ ಸಾಬ್ರೆ, ಕಪ್ಪೆಗೆ ನಿಮ್ಮೆಸ್ರು ಮಡಗವ್ರಂತೆ! ಮಗ ಉಟ್ದಂಗಾಯ್ತು, ಮಿಠಾಯಿ ಎಲ್ಲಿ?" ಎಂದು ಕೂಗಿದ. ಡಿಪೋದಲ್ಲಿ ಮಾದಣ್ಣ ನನ್ನನ್ನು ಕಂಡರೆ ಗಂಟಲು ಉಬ್ಬಿಸುತ್ತಾನೆ. ನಮ್ಮ ಮಾವ ಹಿದಾಯತ್ ಉಲ್ಲಾ ಸಾಹೇಬರು ಮೂರು ದಿನ ಮಾತು ಬಿಟ್ಟಿದ್ದರು. ವಿಲಾಯತಿ ಭಾಷೆಯಲ್ಲಿ ಅಚ್ಚಾಗುತ್ತದೆ ಎಂದು ಯಾರೋ ಹೇಳಿದ ಮೇಲೆ, ಅತ್ತರಿನ ಅಂಗಡಿಯಲ್ಲಿ ಕೂತು ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದಾರೆ. ನಾನು ನಕ್ಕೆ. ಎರಡು ದಿನ ಸುಮ್ಮನೆ ಖುಷಿಯಾಗಿಯೂ ಇದ್ದೆ. ಸುಳ್ಳು ಹೇಳುವುದಿಲ್ಲ.

ಈಗ ಕೇಳು. ನನಗೆ ಹೆಸರಿನ ಬೇಸರ ಇರಲಿಲ್ಲ. ಬೇಸರ ಬೇರೆ ಇತ್ತು, ನಿನಗೆ ಹೇಳಲು ನಾಲಗೆ ಏಳಲಿಲ್ಲ.

ಬೀರುವಿನಲ್ಲಿಟ್ಟ ಹಳದಿ ಕಪ್ಪೆ ಹೋದ ತಿಂಗಳೇ ಬೂದು ಆಯಿತು. ಮೊದಲು ನೋಡಿದ್ದು ಕುಲ್ಸುಂ ಬಿ. "ಹಳೆಯದು ಸತ್ತಿತೆಂದು ಬೇರೆ ತಂದಿಟ್ಟಿರಾ?" ಎಂದು ಕೇಳಿದಳು. ಬೇರೆ ತಂದಿರಲಿಲ್ಲ. ನಾನೂ ನಂಬದೆ ಇನ್ನೆರಡು ತಂದೆ. ಬಟ್ಟೆ ಒಣಗಿ ಬೆಳಕು ಬಿದ್ದರೆ ಒಣಗಿದ ತೊಗಟೆಯ ಹಾಗೆ, ಸಂಜೆ ನೀರು ಚಿಮುಕಿಸಿದರೆ ಅರಿಶಿನದ ಹಾಗೆ. ಬಕ್ರೀದಿಗೆ ಬೀರು ಖಾಲಿಯಾಗಲೇಬೇಕು ಎಂದು ಅವಳು ಹಟ ಹಿಡಿದಿದ್ದರಿಂದ ನಿನ್ನೆ ಮೂರನ್ನೂ ಹಳ್ಳಕ್ಕೆ ಬಿಟ್ಟು ಬಂದೆ.

ಹಳದಿ ಬೇರೆಯಲ್ಲ, ಬೂದು ಬೇರೆಯಲ್ಲ ಗುರು. ನಿನ್ನ ಹುದ್ದೆ ಇದರ ಮೇಲೆ ನಿಂತಿದೆ ಎಂದು ಗೊತ್ತಿದ್ದೇ ನಾನು ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ. ನನ್ನ ಹೆಸರು ಬಿದ್ದ ಮೇಲೆ ಮುಚ್ಚಿಕೊಂಡಿರಲು ಆಗಲಿಲ್ಲ. ಲೇಖನ ಕಳುಹಿಸಬೇಡ.

ಬಷೀರ್


ಚಾಮರಾಜನಗರ
30 ಜುಲೈ 1955

ಶ್ರೀ ಬಷೀರ್ ಅಹಮದ್ ಅವರಿಗೆ,

ತಮ್ಮ ಕಾಗದ ತಲುಪಿತು. ಲೇಖನವನ್ನೂ ಎರಡು ಬಾಟಲಿಗಳನ್ನೂ ಇದೇ ತಿಂಗಳ ಇಪ್ಪತ್ತರಂದು ರಿಜಿಸ್ಟರ್ ಮಾಡಿ ಕಳುಹಿಸಿಯಾಗಿದೆ.

ಜೂನ್ ತಿಂಗಳಲ್ಲಿ ಕಂಡದ್ದನ್ನು ಜುಲೈ ಕೊನೆಗೆ ತಿಳಿಸುತ್ತಿದ್ದೀರಿ. ಮಿತ್ರರು ಹೀಗೂ ಉಪಕಾರ ಮಾಡುತ್ತಾರೆಂದು ನನಗೆ ತಿಳಿದಿರಲಿಲ್ಲ. ಅಡುಗೆಮನೆಯ ಬೀರುವಿನಲ್ಲಿ ಹಸಿವಿನಿಂದ ಸಾಯುತ್ತಿದ್ದ ಕಪ್ಪೆಗಳ ಬಣ್ಣವನ್ನು ಪುರಾವೆಯೆಂದು ನಾನು ಒಪ್ಪಲಾರೆ. ಆದರೂ ತಾವು ಬರೆದದ್ದು ತಲೆಯಲ್ಲಿ ಕೂತು, ತರಗತಿಯಲ್ಲಿ ನಿಂತಾಗಲೂ ಕೊರೆಯುತ್ತಿದೆ. ಅದಕ್ಕಾಗಿ ತಮಗೆ ವಂದನೆಗಳು.

ಇನ್ನು ಕಪ್ಪೆಗಳನ್ನು ಕಳುಹಿಸುವ ತೊಂದರೆ ತೆಗೆದುಕೊಳ್ಳಬೇಡಿ.

ಟಿ. ಗುರುಮಲ್ಲಯ್ಯ


ಗುಂಡ್ಲುಪೇಟೆ
21 ಆಗಸ್ಟ್ 1955

ಗುರು,

ನನ್ನನ್ನು ಬಹುವಚನದಲ್ಲಿ ಬೈದವನು ನೀನೊಬ್ಬನೇ. ಮೈಸೂರಿನ ಹಾಸ್ಟೆಲಿನಲ್ಲಿ ನನ್ನ ಟವೆಲಿನಲ್ಲಿ ಮೈ ಒರೆಸಿಕೊಂಡವನು ಈಗ "ತಮ್ಮ ಕಾಗದ" ಎನ್ನುತ್ತೀಯ. ಬಕ್ರೀದಿನ ದಿನವೇ ಬರೆದಿದ್ದೀಯ ಬೇರೆ. ಕೆಲವು ದಿನ ನನಗೂ ರೋಷವಿತ್ತು, ಬರೆಯಲಿಲ್ಲ. ಈಗ ರೋಷಕ್ಕೆ ಪುರುಸೊತ್ತಿಲ್ಲ.

ನಾನು ಹೇಳಿದ್ದರಲ್ಲಿ ಅರ್ಧ ತಪ್ಪು. ಹಳದಿ ಬೂದಾಗುವುದು ನಿಜ. ಆದರೆ ಕಪ್ಪೆ ಒಂದೇ ಜಾತಿ ಎಂದದ್ದು ತಪ್ಪು. ಜಾತಿ ಎರಡಿವೆ.

ಹೋದ ವಾರ ಹಳ್ಳದ ಹತ್ತಿರ ಮಾದಣ್ಣ ಬೀಡಿ ಸೇದುತ್ತ ನಿಂತವನು, "ಸಾಬ್ರೆ, ಇವು ಎಲ್ಡು ತರ ಕೂಗ್ತಾವಲ್ಲ, ಗಂಡ ಎಂಡ್ತಿ ಜಗಳಾನಾ?" ಎಂದ. ಕಪ್ಪೆಯಲ್ಲಿ ಕೂಗುವುದು ಗಂಡು ಮಾತ್ರ ಎಂದು ಹೇಳಲು ಹೋದೆ. ಹೇಳುತ್ತಿದ್ದ ಹಾಗೇ ಬಾಯಿ ನಿಂತುಹೋಯಿತು. ಗಂಡು ಮಾತ್ರ ಕೂಗುವುದಾದರೆ ಎರಡು ಕೂಗು ಯಾಕೆ? ಒಂದು ಬಿಡಿ ಬಿಡಿಯಾಗಿ, ತಸ್ಬಿಯ ಜಪಮಣಿ ಒಂದೊಂದೇ ಬೀಳುವ ಹಾಗೆ ಟಿಕ್, ಟಿಕ್, ಟಿಕ್. ಇನ್ನೊಂದು ಬಿಡುವಿಲ್ಲದ ಒಂದೇ ಎಳೆ, ಟ್ರೀ ಎಂದು ನಡುಗುತ್ತದೆ. ಅವತ್ತಿನಿಂದ ದಿನಾ ಸಂಜೆ ಕೂಗಿನ ಹಿಂದೆಯೇ ಹೋಗಿ, ಕೂಗುತ್ತಿರುವ ಕಪ್ಪೆಯ ಮೇಲೆ ಟಾರ್ಚು ಬಿಟ್ಟು ನೋಡಿದ್ದೇನೆ. ಟಿಕ್ ಎನ್ನುವುದರಲ್ಲಿ ಹಳದಿಯೂ ಇದೆ, ಬೂದೂ ಇದೆ. ಟ್ರೀ ಎನ್ನುವುದರಲ್ಲೂ ಹಳದಿ ಇದೆ, ಬೂದು ಇದೆ. ಟಿಕ್ ಎನ್ನುವುದು ಒಮ್ಮೆಯೂ ಟ್ರೀ ಎನ್ನಲಿಲ್ಲ.

ಎರಡು ಜಾತಿ ಎಂದು ನೀನು ಅಂದದ್ದು ಸರಿ. ಗೆರೆ ಎಳೆದ ಜಾಗ ತಪ್ಪು. ನಾನು ಬಣ್ಣ ನೋಡಿ ಬಾಟಲಿಗೆ ಹಾಕಿದ್ದೇನೆ, ಹಾಗಾಗಿ ಎರಡು ಬಾಟಲಿಯಲ್ಲೂ ಎರಡು ಜಾತಿ ಕಲಸಿಹೋಗಿವೆ. ನೀನು ಯಾವುದಕ್ಕೆ ನನ್ನ ಹೆಸರಿಟ್ಟೆಯೋ ದೇವರಿಗೇ ಗೊತ್ತು.

ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡ. ಈ ಎರಡು ಕೂಗಿನ ವ್ಯತ್ಯಾಸ ಮಾದಣ್ಣನಿಗೆ ಬೀಡಿ ಸೇದುತ್ತ ಗೊತ್ತಾಯಿತು. ನೀನು ಹೋದ ವರ್ಷ ನನ್ನ ಪಕ್ಕದಲ್ಲೇ ನಿಂತು ಅಷ್ಟು ಹೊತ್ತು ಕೇಳಿದೆ. ನಿನಗೆ ಹೇಗೆ ಗೊತ್ತಾಗಲಿಲ್ಲ?

ಬಷೀರ್


ಚಾಮರಾಜನಗರ
4 ಸೆಪ್ಟೆಂಬರ್ 1955

ಬಷೀರ್,

ನಾನು ಕೇಳಲಿಲ್ಲ. ನೀನು ತಲೆ ಆಡಿಸಿದೆ, ನಾನೂ ಆಡಿಸಿದೆ.

ಯಳಂದೂರಿನಲ್ಲಿ ಕೆಲಸದಲ್ಲಿದ್ದಾಗ ಎರಡು ವರ್ಷ ಬಿಡದೆ ಮಲೇರಿಯಾ ಬಂದದ್ದು ನಿನಗೆ ಗೊತ್ತು. ಕ್ವಿನೈನು ಜ್ವರವನ್ನೂ ತೆಗೆಯಿತು, ಕಿವಿಯನ್ನೂ ತೆಗೆಯಿತು. ಪೂರ್ತಿ ಅಲ್ಲ. ಎದುರಿಗೆ ನಿಂತು ಮಾತಾಡಿದರೆ ತಿಳಿಯುತ್ತದೆ. ಚೂಪು ದನಿಗಳು ಹೋಗಿವೆ: ಸೈಕಲ್ಲಿನ ಗಂಟೆ, ಗುಬ್ಬಿ, ಹುಡುಗಿಯರ ಪಿಸುಮಾತು. ಅವುಗಳ ಬದಲು ಕಿವಿಯೊಳಗೇ ಒಂದು ಗುಂಯ್ ಎನ್ನುವ ಸದ್ದು ಹಗಲೂ ರಾತ್ರಿ ಇರುತ್ತದೆ. ಶಿವಮ್ಮನಿಗೆ ಮಾತ್ರ ಗೊತ್ತು. ಸ್ಕೂಲಿನಲ್ಲಿ ಗೊತ್ತಾದರೆ ಕೆಲಸಕ್ಕೇ ಸಂಚಕಾರವೆಂದು ನಾನು ಹಿಂದಿನ ಬೆಂಚಿನ ಹುಡುಗರನ್ನು ಪ್ರಶ್ನೆ ಕೇಳುವುದಿಲ್ಲ. ಅವರಿಗೆ ಅದರಿಂದ ಸಂತೋಷವೇ.

ಅಂದು ಮದ್ದೂರಿನಲ್ಲಿ ನೀನು ಕೈಯೆತ್ತಿ, "ಕೇಳು" ಎಂದಾಗ ನನಗೆ ಮರದಿಂದ ಹನಿ ಬೀಳುವ ಸದ್ದು ಬಿಟ್ಟು ಏನೂ ಇರಲಿಲ್ಲ. ನಿನ್ನ ಮುಖದಲ್ಲಿ ಎಂಥ ಸಂತೋಷವಿತ್ತು! ನನಗೆ ಹೊಟ್ಟೆಕಿಚ್ಚಾಯಿತು. ಕೂಗು ಬಾಟಲಿಯಲ್ಲಿ ಉಳಿಯುವುದಿಲ್ಲ ಎಂದು ನಾನು ಬರೆದದ್ದು ಶಾಸ್ತ್ರದ ಮಾತೆಂದು ನೀನು ತಿಳಿದಿರಬೇಕು. ಕೂಗು ಲೆಕ್ಕಕ್ಕೆ ಬರದಿದ್ದರೆ ಸಾಕು ಎನ್ನುವುದು ನನ್ನ ಆಸೆಯಾಗಿತ್ತು.

ನಿನ್ನ ಕಾಗದ ಬಂದ ಮೇಲೆ ಬಹಳ ದಿನ ಯೋಚಿಸಿದೆ. ಲೇಖನ ಅಚ್ಚಿಗೆ ಹೋಗುವುದರಲ್ಲಿತ್ತು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಸತ್ತ ಕಪ್ಪೆ ಮ್ಯೂಸಿಯಮ್ಮಿನಲ್ಲಿ ಬಾಯಿ ಬಿಡುವುದಿಲ್ಲ. ಹುದ್ದೆಯೂ ಸಿಗುತ್ತಿತ್ತೇನೋ. ನಿನ್ನೆ ತಂತಿ ಕೊಟ್ಟು ಲೇಖನವನ್ನು ಹಿಂದಕ್ಕೆ ಕೇಳಿದ್ದೇನೆ. ಕಾರಣವನ್ನು ಕಾಗದದಲ್ಲಿ ಬರೆದಿದ್ದೇನೆ. ಬಾಟಲಿ ಬೆರೆತ ಕಾರಣವನ್ನೂ ಬರೆದೆ, ಕಿವಿಯದನ್ನೂ ಬರೆದೆ.

ಈ ಕಪ್ಪೆಗಳನ್ನು ಬೇರ್ಪಡಿಸುವುದು ಕೂಗೊಂದೇ ಆದರೆ ಅದು ನನ್ನ ಕೆಲಸವಲ್ಲ. ಕೇಳಿಸಿದವನು ಬರೆಯಲಿ. ನೀನೂ ಬಿ.ಎಸ್ಸಿ. ಓದಿದವನೇ. ನನ್ನ ಅಳತೆಗಳನ್ನೆಲ್ಲ ಕಟ್ಟಿ ಕಳುಹಿಸುತ್ತೇನೆ. ನನ್ನ ಹೆಸರು ಬೇಡ. ಜುಲೈ ತಿಂಗಳಲ್ಲಿ ಬರೆದ ಕಾಗದವನ್ನು ದಯವಿಟ್ಟು ಹರಿದುಹಾಕು.

ಗುರು


ಗುಂಡ್ಲುಪೇಟೆ
8 ಸೆಪ್ಟೆಂಬರ್ 1955

ಲೋ ಗುರು,

ಆ ಕಾಗದ ಹರಿಯುವುದಿಲ್ಲ. ಬಹುವಚನಕ್ಕಾಗಿ ಇಟ್ಟುಕೊಂಡಿದ್ದೇನೆ.

ಅಲ್ಲವೋ ಪುಣ್ಯಾತ್ಮ, ಕಿವಿ ಕೇಳಿಸುವುದಿಲ್ಲ ಎಂದು ನನಗೆ ಹೇಳಲು ಏನಾಗಿತ್ತು ನಿನಗೆ? ಹೋದ ವರ್ಷ ನಾನು ಹಿಂದಿನಿಂದ ಕರೆದಾಗಲೆಲ್ಲ ನೀನು ತಿರುಗದೆ ನಡೆದುಬಿಟ್ಟೆ. ಮೇಷ್ಟ್ರಾದ ಮೇಲೆ ಸೊಕ್ಕು ಬಂದಿದೆ ಎಂದು ಕುಲ್ಸುಂ ಬಿಯ ಹತ್ತಿರ ಬೈದುಕೊಂಡಿದ್ದೆ. ಈಗ ಅವಳು ನನ್ನನ್ನು ಬೈಯುತ್ತಿದ್ದಾಳೆ. ನಿನ್ನ ಕಾಗದ ಓದಿ ನನಗೆ ಊಟ ಸೇರಲಿಲ್ಲ. ಹುದ್ದೆಯನ್ನು ನೀನೇ ಕೈಯಾರೆ ಬಿಟ್ಟೆ. ನಾನಾಗಿದ್ದರೆ ತಂತಿ ಕೊಡುತ್ತಿದ್ದೆನೋ ಇಲ್ಲವೋ ಗೊತ್ತಿಲ್ಲ.

ನಾನು ಬರೆಯುವ ಮಾತು ಬಿಡು. ದಿಮ್ಮಿ ಅಳೆಯುವ ಕಣ್ಣಿಗೆ ಕಪ್ಪೆಯ ಬೆರಳು ಕಾಣುವುದಿಲ್ಲ. ನಾನು ಟಾರ್ಚು ಬಿಟ್ಟಾಗ ಕಂಡದ್ದು ಹಳದಿ, ಬೂದು, ಅಷ್ಟೇ. ನೀನು ನೋಡಿದರೆ ಇನ್ನೂ ಏನೇನೋ ಕಾಣುತ್ತದೆ.

ಹದಿನೆಂಟನೇ ತಾರೀಕು ಭಾನುವಾರ. ಶನಿವಾರ ಸ್ಕೂಲು ಮುಗಿಸಿ ಬಸ್ಸು ಹತ್ತು, ಮನೆಗೆ ಬಾ. ಶಿವಮ್ಮನವರು ರೊಟ್ಟಿ ಕಟ್ಟಿಕೊಡಲಿ, ನಮ್ಮ ಮನೆಯಲ್ಲಿ ನಿನಗೆ ಹಾಲು ಬಾಳೆಹಣ್ಣು. ಭಾನುವಾರ ಮಾದಣ್ಣನ ಲಾರಿಯಲ್ಲಿ ಮದ್ದೂರಿಗೆ ಹೋಗೋಣ. ಹಳ್ಳದ ಹತ್ತಿರ ನೀನು ಮುಂದೆ ಕೂರು, ನಾನು ನಿನ್ನ ಹಿಂದೆ ಕೂರುತ್ತೇನೆ. ನಿನ್ನ ಮುಂದಿನ ಎಲೆಯ ಮೇಲಿನ ಕಪ್ಪೆ ಟಿಕ್ ಎಂದರೆ ಬಲಭುಜ ತಟ್ಟುತ್ತೇನೆ. ಟ್ರೀ ಎಂದರೆ ಎಡಭುಜ. ನೀನು ಕಪ್ಪೆಯನ್ನೇ ನೋಡುತ್ತಿರು.

ಬಷೀರ್


ಚಾಮರಾಜನಗರ
20 ಸೆಪ್ಟೆಂಬರ್ 1955

ಬಷೀರ್,

ಸುಖವಾಗಿ ಬಂದು ಸೇರಿದೆ. ಮನೆಗೆ ಬಂದಾಗ ಮ್ಯೂಸಿಯಮ್ಮಿನ ಕಾಗದ ಕಾದಿತ್ತು. ಲೇಖನವನ್ನು ಹಿಂದಿರುಗಿಸಿದ್ದಾರೆ. ಹುದ್ದೆಗೆ ಬೇರೆಯವರನ್ನು ತೆಗೆದುಕೊಂಡಿದ್ದಾರೆ. ನನ್ನ ಪ್ರಾಮಾಣಿಕತೆಗೆ ಎರಡು ಸಾಲು ಮೆಚ್ಚುಗೆ ಬರೆದಿದ್ದಾರೆ. ಶಿವಮ್ಮನಿಗೆ ಓದಿ ಹೇಳಿದೆ. "ಬುಡಿ, ಆ ಊರ್ನಲ್ಲಿ ಸೊಪ್ಪು ಸಿಕ್ಕಕಿಲ್ವಂತೆ" ಎಂದು ಒಳಗೆ ಹೋದಳು. ಸ್ವಲ್ಪ ಹೊತ್ತು ಹೊರಗೆ ಬರಲಿಲ್ಲ. ನನಗೂ ಸಂಕಟವಾಯಿತು, ಆಗಲಿಲ್ಲ ಎಂದರೆ ಸುಳ್ಳು.

ಭಾನುವಾರ ಕಂಡದ್ದನ್ನು ನಿನ್ನೆಯೇ ಬರೆದಿಟ್ಟೆ. ನೀನು ಬಲಭುಜ ತಟ್ಟಿದಾಗಲೆಲ್ಲ ಕಪ್ಪೆಯ ಗಂಟಲ ಚೀಲ ಒಂದೊಂದೇ ಸಲ ಉಬ್ಬಿ ಇಳಿಯುತ್ತಿತ್ತು; ಆ ಚೀಲದ ಮೇಲೆ ಕಪ್ಪು ಚುಕ್ಕೆಗಳಿದ್ದವು. ಎಡಭುಜ ತಟ್ಟಿದಾಗ ಚೀಲ ಉಬ್ಬಿದ್ದು ಉಬ್ಬಿದಂತೆಯೇ ನಿಂತು ನಡುಗುತ್ತಿತ್ತು. ಅದರಲ್ಲಿ ಚುಕ್ಕೆ ಒಂದೂ ಇಲ್ಲ. ಮೈ ಹಳದಿಯಾಗಿದ್ದರೂ ಅಷ್ಟೇ, ಬೂದಾಗಿದ್ದರೂ ಅಷ್ಟೇ. ಚುಕ್ಕೆ ಸ್ಪಿರಿಟ್ಟಿನಲ್ಲಿ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ಕೊನೆಕೊನೆಗೆ ನೀನು ತಟ್ಟುವ ಮುಂಚೆಯೇ ಯಾವ ಭುಜವೆಂದು ನನಗೆ ತಿಳಿಯತೊಡಗಿತು. ಆಗ ನನಗೆ ಅಳು ಬಂತು. ನೀನು ಹಿಂದೆ ಇದ್ದದ್ದು ಒಳ್ಳೆಯದಾಯಿತು.

ಲೇಖನವನ್ನು ಮೊದಲಿನಿಂದ ಬರೆಯುತ್ತೇನೆ, ಇಬ್ಬರ ಹೆಸರಿನಲ್ಲಿ. ಬರೆಯುವವನ ಹೆಸರನ್ನೇ ಕಪ್ಪೆಗೆ ಇಡುವಂತಿಲ್ಲ, ಆದ್ದರಿಂದ ಬಷೀರನ ಕಪ್ಪೆ ಇನ್ನು ಇಲ್ಲ. ನಿಮ್ಮ ಮಾವನವರಿಗೆ ನೀನೇ ಹೇಳು, ನನ್ನಿಂದಾಗದು.

ನಿನ್ನ ಕೈ ಬಹಳ ಭಾರ. ಬಲಭುಜಕ್ಕೆ ಏನೂ ಆಗಿಲ್ಲ. ಎಡಭುಜವನ್ನು ಇವತ್ತೂ ಎತ್ತಲಾಗುತ್ತಿಲ್ಲ, ಶಿವಮ್ಮ ಎಣ್ಣೆ ಬಿಸಿಮಾಡುತ್ತಿದ್ದಾಳೆ. ಆ ಹಳ್ಳದಲ್ಲಿ ನಿನ್ನ ಟ್ರೀ ಎನ್ನುವ ಜಾತಿಯೇ ಹೆಚ್ಚು ಎಂದು ಬರೆದುಕೊಂಡಿದ್ದೇನೆ.

ಗುರು